ಇಂದಿನ ಧಮ್ಮ ಚಿಂತನೆ: ಡಯಾಲಿಸಿಸ್‌ನಲ್ಲಿರುವವರ ಬಾಯಾರಿಕೆ

 

ತಣ್ಹೆಯ ಪಾಠ ನಡೆಯುತ್ತಿದ್ದಾಗ ನಮ್ಮ ಬಳಗದ ತಾಯಿಯೊಬ್ಬರು ಒಂದು ಪ್ರಶ್ನೆ ಕೇಳಿದ್ದರು. "ಅಣ್ಣಾ, ನಮ್ಮ ಮನೆಯವರು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗ್ತಾರೆ. ನೀರು ಕಮ್ಮಿ ಮಾಡಿ ಅಂತ ಎಷ್ಟು ಹೇಳಿದ್ರೂ ಕದ್ದು ಕುಡೀತಾರೆ. ಇದೂ ತಣ್ಹೆನೇ ಅಲ್ವಾ? ಧ್ಯಾನ ಮಾಡಿದ್ರೆ ಹೋಗುತ್ತಾ?" ಅಂದು ಉತ್ತರಿಸಲು ಸಮಯ ಸಾಲಲಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲ ಕಡೆಯ ನಮ್ಮ ಬಂಧುಗಳ ಮನೆಗಳಲ್ಲೂ ಈ ಕಾಯಿಲೆ ಕಂಡಿರುವುದರಿಂದ ಇಂದಿನ ಚಿಂತನೆಯನ್ನು ಪೂರ್ತಿ ಈ ಪ್ರಶ್ನೆಗೇ ಇಡೋಣ.

ನೇರವಾಗಿ ಹೇಳುವುದಾದರೆ, ಅದು ತಣ್ಹೆಯಲ್ಲ.

ಪಾಲಿಯ ತಣ್ಹಾ, ಸಂಸ್ಕೃತದ ತೃಷ್ಣಾ, ನಮ್ಮ ಹಿರಿಯರು ಅನ್ನುತ್ತಿದ್ದ ತೃಷೆ, ಎಲ್ಲದರ ಮೂಲ ಅರ್ಥ ಬಾಯಾರಿಕೆಯೇ ನಿಜ. ಮನಸ್ಸಿನ ತೀರದ ಆಸೆಯನ್ನು ವಿವರಿಸಲು ತಥಾಗತರು ಎಲ್ಲರೂ ಬಲ್ಲ ದೇಹದ ಅನುಭವವೊಂದನ್ನು ಹೋಲಿಕೆಗೆ ಎತ್ತಿಕೊಂಡರು. ರಾಗ, ದ್ವೇಷ, ಮೋಹಗಳನ್ನು ಅವರು ಬೆಂಕಿ ಎಂದೂ ಕರೆದಿದ್ದಾರೆ. ಹಾಗಂತ ಬೆಳಗ್ಗೆ ಎದ್ದು ಒಲೆ ಹಚ್ಚುವುದು ತಪ್ಪಾಗುತ್ತದೆಯೇ?

ಮಹಾಪರಿನಿಬ್ಬಾಣ ಸುತ್ತವನ್ನು ನೆನಪು ಮಾಡಿಕೊಳ್ಳಿ. ಚುಂದನ ಮನೆಯ ಊಟದ ನಂತರ ಬುದ್ಧರಿಗೆ ರಕ್ತಭೇದಿ ಆಗಿದೆ. ಪಾವಾದಿಂದ ಕುಶಿನಾರದ ಕಡೆಗೆ ನಡೆಯುತ್ತಾ ದಾರಿಯಲ್ಲಿ ಸುಸ್ತಾಗಿ ಮರದ ಬುಡದಲ್ಲಿ ಕೂರುತ್ತಾರೆ. ಬಾಯಾರಿದೆ, ನೀರು ತಾ ಎಂದು ಆನಂದನನ್ನು ಕೇಳುತ್ತಾರೆ. ಈಗಷ್ಟೇ 500 ಗಾಡಿಗಳು ಹಳ್ಳ ದಾಟಿ ಹೋಗಿವೆ, ನೀರು ಬಗ್ಗಡವಾಗಿದೆ, ಮುಂದೆ ಕಕುತ್ಥಾ ನದಿಯಲ್ಲಿ ತಿಳಿನೀರಿದೆ ಎಂದು ಆನಂದ ತಡೆಯುತ್ತಾನೆ. ಬುದ್ಧರು ಎರಡನೇ ಸಲ ಕೇಳುತ್ತಾರೆ, ಮೂರನೇ ಸಲವೂ ಕೇಳುತ್ತಾರೆ. ಆನಂದ ಹೋಗಿ ನೋಡಿದರೆ ನೀರು ತಿಳಿಯಾಗಿತ್ತು. (ಇದನ್ನು ಪವಾಡ ಎನ್ನುವವರಿದ್ದಾರೆ. ಗಾಡಿಗಳು ಹೋದ ಮೇಲೆ ಸ್ವಲ್ಪ ಹೊತ್ತಿಗೆ ಬಗ್ಗಡ ತಳ ಸೇರುವುದನ್ನು ನಾವು ನಮ್ಮ ಹೇಮಾವತಿ ನಾಲೆಯಲ್ಲೇ ನೋಡಿದ್ದೇವೆ.) ತಣ್ಹೆಯನ್ನು ಬೇರುಸಹಿತ ಕಿತ್ತವರು ಬಾಯಾರಿದೆ ಎಂದು ಮೂರು ಸಲ ಕೇಳಿದರು. ದೇಹ ಇರುವವರೆಗೆ ಬಾಯಾರಿಕೆ ಇದ್ದೇ ಇರುತ್ತದೆ. ಅದು ವೇದನೆ, ದೇಹದ ಸುದ್ದಿ. ಹೀಗಿರುವಾಗ ಡಯಾಲಿಸಿಸ್‌ನಲ್ಲಿರುವ ಯಜಮಾನರನ್ನು "ಆಸೆಬುರುಕ" ಎಂದು ಬೈಯಲು ನಮಗೆ ಧಮ್ಮದಲ್ಲಿ ಆಧಾರವಿಲ್ಲ.

ಆದರೆ ಈ ಸುದ್ದಿ ಅವರ ದೇಹದಲ್ಲಿ ಅಷ್ಟು ಜೋರಾಗಿ ಯಾಕೆ ಬರುತ್ತದೆ? ಪಟಿಚ್ಚಸಮುಪ್ಪಾದ ಓದಿದವರು ಕೇಳಬೇಕಾದ ಪ್ರಶ್ನೆ ಇದು. ಕಾರಣವಿಲ್ಲದೆ ಯಾವುದೂ ಹುಟ್ಟುವುದಿಲ್ಲ.

ಆರೋಗ್ಯವಾಗಿರುವ ಕಿಡ್ನಿ ವಾರದ 168 ಗಂಟೆಯೂ ಕೆಲಸ ಮಾಡುತ್ತದೆ. ಡಯಾಲಿಸಿಸ್ ಯಂತ್ರ ಒಂದು ಸಲಕ್ಕೆ ಸುಮಾರು 4 ಗಂಟೆ ಕೆಲಸ ಮಾಡುತ್ತದೆ. ವಾರಕ್ಕೆ ಮೂರು ಸಲ ಹೋದರೆ 12 ಗಂಟೆ, ಎರಡೇ ಸಲ ಹೋದರೆ 8 ಗಂಟೆ. ಉಳಿದ ಹೊತ್ತು ಕುಡಿದದ್ದು ಕುಡಿದ ಹಾಗೇ ಒಳಗೆ ನಿಲ್ಲುತ್ತದೆ. ಒಂದು ಲೀಟರ್ ನೀರು ನಿಂತರೆ ತೂಕ ಒಂದು ಕಿಲೋ ಏರುತ್ತದೆ. ಅದಕ್ಕೇ ಪ್ರತಿ ಸಲ ಯಂತ್ರಕ್ಕೆ ಹಾಕುವ ಮೊದಲು ತೂಕ ನೋಡುತ್ತಾರೆ. ಹೆಚ್ಚಿನ ನೀರೆಲ್ಲ ಹೋದ ಮೇಲೆ ಇರಬೇಕಾದ ತೂಕಕ್ಕೆ ಡ್ರೈ ವೇಟ್ ಅನ್ನುತ್ತಾರೆ. 60 ಕಿಲೋ ಡ್ರೈ ವೇಟ್ ಇರುವವರು ಎರಡು ಡಯಾಲಿಸಿಸ್‌ಗಳ ನಡುವೆ ಸುಮಾರು ಎರಡೂವರೆ ಕಿಲೋ ಒಳಗೆ ಏರಿದ್ದರೆ ಸಂಭಾಳಿಸಬಹುದು.

ಐದು ಕಿಲೋ ಏರಿಸಿಕೊಂಡು ಬಂದರೆ? ಯಂತ್ರ ನೀರನ್ನು ತೆಗೆಯುವುದು ರಕ್ತದಿಂದ ಮಾತ್ರ. ಕಾಲಿನ ಊತದಲ್ಲಿ, ಮಾಂಸಖಂಡದಲ್ಲಿ ನಿಂತ ನೀರು ನಿಧಾನವಾಗಿ ರಕ್ತಕ್ಕೆ ಜಿನುಗಬೇಕು. ಬಾವಿಗೆ ಒರತೆ ಬರುವುದಕ್ಕಿಂತ ಜೋರಾಗಿ ಮೋಟಾರು ಎಳೆದರೆ ಬಾವಿ ಖಾಲಿಯಾಗುತ್ತದಲ್ಲ, ಹಾಗೆಯೇ ಬಿ.ಪಿ. ಕುಸಿಯುತ್ತದೆ, ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ಒಂದು ಕಿಲೋ ತೂಕಕ್ಕೆ ಗಂಟೆಗೆ 13 ಮಿಲಿಗಿಂತ ಹೆಚ್ಚು ಎಳೆಯುವುದು ಹೃದಯಕ್ಕೆ ಒಳ್ಳೆಯದಲ್ಲ ಎಂಬುದು ವೈದ್ಯರು ನೋಡಿಕೊಳ್ಳುವ ಒಂದು ಮಿತಿ. 60 ಕಿಲೋದವರಿಗೆ 4 ಗಂಟೆಯಲ್ಲಿ ಇದು 3 ಲೀಟರ್ ಚಿಲ್ಲರೆ ಆಗುತ್ತದೆ. ಐದು ಲೀಟರ್ ಎಳೆದರೆ ಹೃದಯಕ್ಕೆ ಪೆಟ್ಟು, ಎಳೆಯದೆ ಬಿಟ್ಟರೆ ಶ್ವಾಸಕೋಶಕ್ಕೆ ನೀರು. ರಾತ್ರಿ ಅಂಗಾತ ಮಲಗಲಾಗದೆ ಎದ್ದು ಕೂತು ಏದುಸಿರು ಬಿಡುವುದು ಇದರಿಂದಲೇ. ಹಾಗಾದಾಗ ಬೆಳಗಾಗಲಿ ಎಂದು ಕಾಯಬಾರದು, ಆಗಲೇ ಆಸ್ಪತ್ರೆಗೆ ಹೊರಡಬೇಕು.

ಇನ್ನು ಬಾಯಾರಿಕೆಯ ಮೂಲ. ಜನ ನೀರನ್ನು ದೂರುತ್ತಾರೆ, ದೂರಬೇಕಾದದ್ದು ಉಪ್ಪನ್ನು. ರಕ್ತದಲ್ಲಿ ಉಪ್ಪಿನ ಹದ ಸ್ವಲ್ಪ ಏರಿದರೂ ಮೆದುಳಿನೊಳಗಿನ ಒಂದು ಪುಟ್ಟ ಭಾಗ ಅದನ್ನು ಕಂಡುಹಿಡಿದು ನೀರು ಬೇಕು ಎಂದು ಕೂಗುತ್ತದೆ. ಹದ ಮೊದಲಿನಂತಾಗುವಷ್ಟು ನೀರು ಕುಡಿಯುವವರೆಗೆ ಆ ಕೂಗು ನಿಲ್ಲುವುದಿಲ್ಲ. ಆಸ್ಪತ್ರೆಯಲ್ಲಿ ಏರಿಸುವ ಒಂದು ಲೀಟರ್ ಸಲೈನ್‌ನಲ್ಲಿ 9 ಗ್ರಾಂ ಉಪ್ಪಿರುತ್ತದೆ, ಹೆಚ್ಚೂಕಡಿಮೆ ರಕ್ತದ ಹದ ಅದೇ. ಅಂದರೆ ಕಿಡ್ನಿ ಕೆಲಸ ಮಾಡದವರು 9 ಗ್ರಾಂ ಉಪ್ಪು ತಿಂದರೆ ದೇಹ ಸುಮಾರು ಒಂದು ಲೀಟರ್ ನೀರು ಕೇಳಿಯೇ ಕೇಳುತ್ತದೆ. ಉಪ್ಪಿನಕಾಯಿ, ಹಪ್ಪಳ ಬಡಿಸಿ ನೀರಿನ ಚೊಂಬು ಬಚ್ಚಿಟ್ಟರೆ ಮನುಷ್ಯ ಏನು ಮಾಡಬೇಕು? ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತಾನೆ. ಆ ತಾಯಿ ಹೇಳಿದ "ಕದ್ದು ಕುಡಿಯುವುದು" ಬಹಳ ಸಲ ಅಡುಗೆಮನೆಯಲ್ಲೇ ಹುಟ್ಟುತ್ತದೆ. ಕಾರಣವನ್ನು ಬಿಟ್ಟು ಫಲವನ್ನು ಬೈಯುತ್ತಿದ್ದೇವೆ.

ಇಡೀ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಸಣ್ಣ ಚಮಚದ ಒಂದು ಮಟ್ಟ ಅಳತೆ ಉಪ್ಪು. ಬೋಂಡಾ, ಚಿಪ್ಸ್, ಬೇಕರಿ ಖಾರ, ಒಣಮೀನು, ಸಂಡಿಗೆ, ಅಂಗಡಿ ಚಟ್ನಿಪುಡಿ ಎಲ್ಲದರ ಉಪ್ಪೂ ಇದರೊಳಗೇ ಬರಬೇಕು. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪು ತಂದು ಜಾಣತನ ಮಾಡಿದೆವು ಅಂದುಕೊಳ್ಳಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಹೋದವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ನಿಲ್ಲಬಹುದು.

ನಮ್ಮ ಸೀಮೆಯ ಊಟದ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ನಮಗೆ ಮುದ್ದೆ ಇಳಿಯಬೇಕಾದರೆ ಉಪ್ಸಾರೋ ಬಸ್ಸಾರೋ ಬೇಕು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರೇ ಸಾರಾಗುತ್ತದೆ. ಡಯಾಲಿಸಿಸ್‌ನವರಿಗೆ ತರಕಾರಿಯನ್ನು ಬೇಯಿಸಿ ನೀರು ಬಸಿದು ಚೆಲ್ಲಿ ಕೊಡಿ ಎಂದು ಆಹಾರ ತಜ್ಞರು ಹೇಳುವುದು ಏಕೆಂದರೆ ಪೊಟ್ಯಾಸಿಯಂ ಆ ನೀರಿಗೆ ಇಳಿದಿರುತ್ತದೆ. ನಾವು ಮಾಡುವುದು ಉಲ್ಟಾ. ಚೆಲ್ಲಬೇಕಾದ ನೀರನ್ನೇ ಉಪ್ಪು ಹಾಕಿ ಬಟ್ಟಲು ತುಂಬ ಕೊಡುತ್ತೇವೆ. ಪೊಟ್ಯಾಸಿಯಂ, ಉಪ್ಪು, ನೀರು ಮೂರೂ ಒಂದೇ ಬಟ್ಟಲಿನಲ್ಲಿ. ಮನೆಮಂದಿ ಬಸ್ಸಾರು ಬಿಡಬೇಕಿಲ್ಲ. ಕಾಯಿಲೆಯವರಿಗೆ ಬಸಿದ ಪಲ್ಯ, ಗಟ್ಟಿ ಗೊಜ್ಜು, ಉಪ್ಪು ಕಮ್ಮಿ ಮಾಡಿ ನಿಂಬೆಹಣ್ಣು, ಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ ಮುಂದು ಮಾಡಿದರೆ ಮುದ್ದೆ ಇಳಿಯುತ್ತದೆ. ಎರಡು ಮೂರು ವಾರ ಸಪ್ಪೆ ಅನ್ನಿಸುತ್ತದೆ, ಆಮೇಲೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಹಾಸನದ ಆಲೂಗೆಡ್ಡೆಗೂ ಇದೇ ನಿಯಮ: ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಅದೂ ಅಪರೂಪಕ್ಕೆ. ಮತ್ತೆ ಎಳನೀರು. ಚನ್ನರಾಯಪಟ್ಟಣದ ಕಡೆ ಕಾಯಿಲೆಯವರನ್ನು ನೋಡಲು ಹೋಗುವವರು ಪ್ರೀತಿಯಿಂದ ಎರಡು ಎಳನೀರು ಹಿಡಿದು ಹೋಗುತ್ತಾರೆ. ಡಯಾಲಿಸಿಸ್‌ನವರಿಗೆ ಅದು ಬೇಡವೇ ಬೇಡ.

ದಿನಕ್ಕೆ ಎಷ್ಟು ಕುಡಿಯಬಹುದು? ಸಾಮಾನ್ಯವಾಗಿ ಹೇಳುವುದು ಹಿಂದಿನ 24 ಗಂಟೆಯಲ್ಲಿ ಎಷ್ಟು ಮೂತ್ರ ಹೋಗಿದೆಯೋ ಅಷ್ಟು, ಅದರ ಮೇಲೆ ಸುಮಾರು 500 ಮಿಲಿ. ಮೂತ್ರ ಪೂರ್ತಿ ನಿಂತವರಿಗೂ ದಿನಕ್ಕೆ ಒಂದು ಲೀಟರ್ ಮೂತ್ರ ಹೋಗುವವರಿಗೂ ಒಂದೇ ಲೆಕ್ಕ ಇರುವುದಿಲ್ಲ. ಆದ್ದರಿಂದ ನಿಮ್ಮ ಅಳತೆಯನ್ನು ನಿಮ್ಮ ವೈದ್ಯರೇ ಹೇಳಬೇಕು. ಕಾಫಿ, ಟೀ, ಹಾಲು, ಮಜ್ಜಿಗೆ, ಅಂಬಲಿ, ಗಂಜಿ, ಸಾರು, ಐಸ್, ಮಾತ್ರೆ ನುಂಗುವ ನೀರು ಎಲ್ಲವೂ ಈ ಅಳತೆಯೊಳಗೆ. ಒಂದು ಬಾಟಲಿಯಲ್ಲಿ ದಿನದ ಅಳತೆಯಷ್ಟು ನೀರು ತುಂಬಿಡಿ. ಅರ್ಧ ಲೋಟ ಕಾಫಿ ಕುಡಿದರೆ ಬಾಟಲಿಯಿಂದ ಅರ್ಧ ಲೋಟ ನೀರು ಗಿಡಕ್ಕೆ ಹಾಕಿ. ಎಷ್ಟು ಉಳಿದಿದೆ ಎಂಬುದು ಅಕ್ಷರ ಬಾರದ ಅಜ್ಜಿಗೂ ಕಣ್ಣಿಗೆ ಕಾಣುತ್ತದೆ.

ಈ ಮೆಸೇಜನ್ನು ಫಾರ್ವರ್ಡ್ ಮಾಡುವವರು ಇದನ್ನೂ ಸೇರಿಸಿಯೇ ಕಳಿಸಿ: ಈ ಲೆಕ್ಕ ಡಯಾಲಿಸಿಸ್‌ನಲ್ಲಿರುವವರಿಗೆ ಮಾತ್ರ. ಬಿಸಿಲಲ್ಲಿ ಹೊಲದ ಕೆಲಸ, ಗಾರೆ ಕೆಲಸ ಮಾಡುವವರು, ಕಿಡ್ನಿಯಲ್ಲಿ ಕಲ್ಲು ಇರುವವರು, ಆರೋಗ್ಯವಾಗಿರುವವರು ಇದನ್ನು ಓದಿ ನೀರು ಕಡಿಮೆ ಮಾಡಿದರೆ ಇದ್ದ ಕಿಡ್ನಿಗೂ ತೊಂದರೆ.

ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೊಂದು ಕಾರಣ ಸೇರುತ್ತದೆ. ರಕ್ತದಲ್ಲಿ ಸಕ್ಕರೆ ಏರಿದರೂ ದಾಹ ಏರುತ್ತದೆ. ಕಿಡ್ನಿ ವೈಫಲ್ಯಕ್ಕೆ ದೊಡ್ಡ ಕಾರಣಗಳಲ್ಲಿ ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಇರುವುದರಿಂದ ಬಹಳ ಮಂದಿಗೆ ಇದು ಅನ್ವಯಿಸುತ್ತದೆ. ಡಯಾಲಿಸಿಸ್ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲೇ ವಿಪರೀತ ಬಾಯಾರುತ್ತದೆ ಎನ್ನುವವರು ಅದನ್ನು ನುಂಗಿಕೊಂಡಿರದೆ ವೈದ್ಯರಿಗೆ ಹೇಳಬೇಕು. ಯಂತ್ರದ ದ್ರಾವಣದಲ್ಲಿನ ಸೋಡಿಯಂ ಪ್ರಮಾಣದಿಂದಲೂ ಹಾಗಾಗಬಹುದು, ಅದನ್ನು ಅವರು ಪರಿಶೀಲಿಸಬಲ್ಲರು. ಇನ್ನು ಕೆಲವರಿಗೆ ಬಾಯಾರಿಕೆಯೇ ಇರುವುದಿಲ್ಲ, ಮಾತ್ರೆಗಳಿಂದ ಬಾಯಿ ಒಣಗಿರುತ್ತದೆ ಅಷ್ಟೆ. ತಣ್ಣೀರಲ್ಲಿ ಬಾಯಿ ಮುಕ್ಕಳಿಸಿ ಉಗಿಯುವುದು, ಹಲ್ಲುಜ್ಜುವುದು, ಏಲಕ್ಕಿ ಅಥವಾ ಲವಂಗ ಬಾಯಲ್ಲಿಡುವುದು, ತಮ್ಮ ಅಳತೆಯ ನೀರಿನಿಂದಲೇ ಐಸ್ ಮಾಡಿ ಒಂದು ಚೂರು ಚೀಪುವುದು, ದೊಡ್ಡ ಲೋಟ ಬಿಟ್ಟು ಪುಟ್ಟ ಲೋಟ ಹಿಡಿಯುವುದು ಇವೆಲ್ಲ ಸಹಾಯ ಮಾಡುತ್ತವೆ. ಹೊಗೆಸೊಪ್ಪಿನ ಎಲೆಅಡಿಕೆ ಬೇಡ.

ಅಳತೆ ಎಂದಾಗ ಕೋಸಲದ ರಾಜ ಪಸೇನದಿ ನೆನಪಾಗಬೇಕು. ಸಂಯುತ್ತ ನಿಕಾಯದಲ್ಲಿ ಆತನ ಕಥೆ ಇದೆ. ಒಂದು ದೊಡ್ಡ ಬಳ್ಳದಷ್ಟು ಅನ್ನ ಉಂಡು, ಏದುಸಿರು ಬಿಡುತ್ತಾ ಬಂದು ಬುದ್ಧರ ಬಳಿ ಕೂತಿದ್ದ. ಬುದ್ಧರು ಆತನಿಗೆ ಉಪವಾಸ ಹೇಳಲಿಲ್ಲ, ಹೊಟ್ಟೆಬಾಕ ಎನ್ನಲೂ ಇಲ್ಲ. ಎಚ್ಚರದಿಂದ ಅಳತೆ ಅರಿತು ಉಣ್ಣುವವನಿಗೆ ನೋವು ಕಡಿಮೆ, ಆಯಸ್ಸು ಕಾಪಾಡುತ್ತದೆ ಎಂಬ ಅರ್ಥದ ಒಂದು ಗಾಥೆ ಹೇಳಿದರು. ರಾಜ ಮಾಡಿದ ಕೆಲಸ ಗಮನಿಸಿ. ಹಿಂದೆ ನಿಂತಿದ್ದ ಸುದಸ್ಸನ ಎಂಬ ಯುವಕನಿಗೆ ಆ ಗಾಥೆ ಬಾಯಿಪಾಠ ಮಾಡಲು ಹೇಳಿ, ಊಟದ ಹೊತ್ತಿಗೆಲ್ಲ ಪಕ್ಕದಲ್ಲಿ ನಿಂತು ನೆನಪಿಸಲು ನೇಮಿಸಿದ, ಅದಕ್ಕೆ ದಿನವೂ ನೂರು ಕಹಾಪಣ ಸಂಬಳ ಕೊಟ್ಟ. ಕ್ರಮೇಣ ಒಂದು ನಾಳಿ ಅನ್ನಕ್ಕೆ ಇಳಿದ. ಅಷ್ಟು ದೊಡ್ಡ ರಾಜನಿಗೂ ಒಬ್ಬಂಟಿಯಾಗಿ ಮನಸ್ಸು ಗಟ್ಟಿ ಮಾಡಲಾಗಲಿಲ್ಲ. ನೆನಪಿಸುವವನೊಬ್ಬ ಬೇಕಾಯಿತು, ಸಮಯ ಬೇಕಾಯಿತು. ನಮ್ಮ ಮನೆಯ ಕಾಯಿಲೆಯವರು ಮಾತ್ರ ಡಾಕ್ಟರು ಹೇಳಿದ ಮರುದಿನದಿಂದಲೇ ಒಬ್ಬರೇ ಗೆದ್ದುಬಿಡಬೇಕು ಎಂದು ಬಯಸುತ್ತೇವೆ.

ಇದನ್ನು ತಪಸ್ಸು ಎಂದೂ ಮಾಡಿಕೊಳ್ಳಬೇಡಿ. ನಮ್ಮ ಜಿಲ್ಲೆಯಲ್ಲೇ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಅನ್ನನೀರು ಬಿಟ್ಟು ದೇಹ ತ್ಯಜಿಸಿದ ಜೈನ ಮುನಿಗಳ ಶಾಸನಗಳಿವೆ. ಅದು ಅವರ ದಾರಿ, ಗೌರವ ಇರಲಿ. ಸಿದ್ಧಾರ್ಥ ಗೌತಮರು ಮೈ ಒಣಗಿಸುವ ದಾರಿ ಹಿಡಿದು ನೋಡಿ, ಬಿಟ್ಟು, ಸುಜಾತೆ ಕೊಟ್ಟ ಪಾಯಸ ಉಂಡವರು. ಅಳತೆಯ ನೀರನ್ನು ಪೂರ್ತಿ ಕುಡಿಯಿರಿ, ಸಂತೋಷದಿಂದ ಕುಡಿಯಿರಿ.

ಇನ್ನು ನಮ್ಮವರಿಗೇ ವಿಶೇಷವಾದ ಒಂದು ಸಂಕಟವಿದೆ. ಆಸ್ಪತ್ರೆಯ ಚಾರ್ಟಿನಲ್ಲಿ ಅದು ಇರುವುದಿಲ್ಲ.

1901ರಲ್ಲಿ ಬಾಲಕ ಭೀಮರಾವ್ ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ ಸಾತಾರಾದಿಂದ ಗೋರೆಗಾಂವ್‌ಗೆ ಹೊರಟ ಕಥೆಯನ್ನು ಬಾಬಾಸಾಹೇಬರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ಮಸೂರ್ ನಿಲ್ದಾಣದಲ್ಲಿ ಇಳಿದು, ದುಪ್ಪಟ್ಟು ಬಾಡಿಗೆಗೆ ಗಾಡಿ ಹಿಡಿದು ಹೋದ ಆ ಮಕ್ಕಳ ಬುತ್ತಿಯಲ್ಲಿ ಊಟ ಬೇಕಾದಷ್ಟಿತ್ತು, ಕುಡಿಯಲು ನೀರು ಮಾತ್ರ ಸಿಗಲಿಲ್ಲ. ಸುಂಕದ ಕಟ್ಟೆಯವನೂ ಕೊಡಲಿಲ್ಲ. ಹಸಿದೇ ಮಲಗಿದರು. ಅವರ ತಂದೆ ಆಗ ಗೋರೆಗಾಂವ್‌ನಲ್ಲಿ ನೌಕರಿಯಲ್ಲಿದ್ದರು, ಅಲ್ಲಿ ಬರಗಾಲದ ಪರಿಹಾರವಾಗಿ ಸರ್ಕಾರ ತೋಡಿಸುತ್ತಿದ್ದದ್ದು ಕೆರೆ! 26 ವರ್ಷದ ನಂತರ, 1927ರ ಮಾರ್ಚ್ 20ರಂದು ಅದೇ ಬಾಲಕ ದೊಡ್ಡವರಾಗಿ ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದರು. ನಮ್ಮ ಅಜ್ಜಂದಿರೂ ಊರ ಬಾವಿಯ ಬಳಿ ಯಾರಾದರೂ ಸೇದಿ ಹುಯ್ಯಲಿ ಎಂದು ದೂರ ನಿಂತು ಕಾದವರೇ. ಆ ನೆನಪನ್ನು ಮೈಯಲ್ಲಿ ಹೊತ್ತ ಹಿರಿಯರಿಗೆ ಎಪ್ಪತ್ತನೇ ವಯಸ್ಸಿನಲ್ಲಿ, ಸ್ವಂತ ಮನೆಯಲ್ಲಿ, ಸ್ವಂತ ನಲ್ಲಿ ಇದ್ದಾಗ, ಸ್ವಂತ ಮಗ "ನೀರು ಮುಟ್ಟಬೇಡ" ಎಂದು ಗದರಿದರೆ ಆ ಮಾತು ಎಲ್ಲಿ ಹೋಗಿ ನಾಟುತ್ತದೆ ಎಂದು ಯೋಚಿಸಿದ್ದೀರಾ? ಆ ಮಾತನ್ನು ನಮ್ಮ ಮನೆಗಳಲ್ಲಿ ಯಾರೂ ಆಡಬಾರದು. "ಅಪ್ಪಾ, ಇವತ್ತಿನ ನಿನ್ನ ನೀರು ಇನ್ನೂ ಇಷ್ಟಿದೆ" ಎಂದು ಬಾಟಲಿ ತೋರಿಸಿ. ಹೇಳುವ ವಿಷಯ ಒಂದೇ, ಆದರೆ ಇಲ್ಲಿ ನೀರು ಅವರದ್ದಾಗಿ ಉಳಿಯುತ್ತದೆ. ಸಮ್ಮಾ ವಾಚಾ ಎಂದರೆ ಇಂಥದ್ದೇ.

ಏಪ್ರಿಲ್ 14ರ ಜಯಂತಿ ಕಡುಬೇಸಿಗೆಯಲ್ಲಿ ಬರುತ್ತದೆ, ಅದರ ಹಿಂದೆಯೇ ಬುದ್ಧ ಪೂರ್ಣಿಮೆ. ಮೆರವಣಿಗೆಯಲ್ಲಿ ಪಾನಕ, ಮಜ್ಜಿಗೆ ಹಂಚುತ್ತೇವೆ. ನಮ್ಮ ಕೈಯಿಂದ ನೀರು ತೆಗೆದುಕೊಳ್ಳದವರ ನಡುವೆ ಬೆಳೆದವರು ನಾವು, ಕೊಟ್ಟ ಲೋಟವನ್ನು ಯಾರಾದರೂ ಬೇಡ ಎಂದರೆ ಚುರುಕ್ ಅನ್ನುತ್ತದೆ. ಆದರೆ ಡಯಾಲಿಸಿಸ್‌ನ ಬಂಧು ಬೇಡ ಎಂದಾಗ ಬಲವಂತ ಮಾಡಬೇಡಿ. ಮಹಾಡದಲ್ಲಿ ಕುಡಿದದ್ದು ಒಂದು ಬೊಗಸೆ. ಎಷ್ಟು ಕುಡಿದರು ಎಂಬುದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ.

ಪೂರ್ವಜನ್ಮದ ಕರ್ಮದಿಂದ ಈ ಕಾಯಿಲೆ ಬಂದಿದೆ ಎನ್ನುವ ನೆಂಟರಿಗೆ ಉದ್ದದ ಉತ್ತರ ಬೇಡ. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಹಿಂದಿನ ಜನ್ಮದ ಕರ್ಮದ ವಾದವನ್ನು ತಿರಸ್ಕರಿಸಿದ್ದಾರೆ. ಅವರೇ ಸಕ್ಕರೆ ಕಾಯಿಲೆಯಲ್ಲಿ ಬಹಳ ನರಳಿದವರು.

ಕೊನೆಗೆ ವಿನಯ ಪಿಟಕದ ಮಹಾವಗ್ಗದಿಂದ ಒಂದು ಪ್ರಸಂಗ. ಭೇದಿಯಾಗಿ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಷುವೊಬ್ಬನನ್ನು ಯಾರೂ ನೋಡಿಕೊಳ್ಳುತ್ತಿರಲಿಲ್ಲ. ಬುದ್ಧರೇ ನೀರು ಹುಯ್ದರು, ಆನಂದ ತೊಳೆದ, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕರೆದು, ನೋಡಿಕೊಳ್ಳಲು ಸುಲಭವಾದ ರೋಗಿ ಹೇಗಿರುತ್ತಾನೆ, ಒಳ್ಳೆಯ ಉಪಚಾರಕ ಹೇಗಿರುತ್ತಾನೆ ಎಂದು ಎರಡೂ ಕಡೆಗೂ ಹೇಳಿದರು. ರೋಗಿ ತನಗೆ ಹಿತವಾದದ್ದರಲ್ಲೂ ಅಳತೆ ತಿಳಿದಿರಬೇಕು, ಔಷಧ ತೆಗೆದುಕೊಳ್ಳಬೇಕು, ಏರಿದ್ದನ್ನು ಏರಿದೆ ಎಂದೂ ಇಳಿದಿದ್ದನ್ನು ಇಳಿದಿದೆ ಎಂದೂ ಉಪಚಾರಕನಿಗೆ ನಿಜ ಹೇಳಬೇಕು. ನೀರಿಗಿಂತ ಹಿತವಾದದ್ದು ಯಾವುದಿದೆ, ಅದರಲ್ಲೂ ಅಳತೆ! ಆದರೆ ರೋಗಿ ನಿಜ ಹೇಳಬೇಕಾದರೆ ಕೇಳುವವರು ಬೈಯಬಾರದು. ಒಂದು ಲೋಟ ಹೆಚ್ಚು ಕುಡಿದೆ ಎಂದು ಹೇಳಿದವರನ್ನು ಮೂದಲಿಸಿದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಮುಚ್ಚಿಟ್ಟದ್ದು ಆಸ್ಪತ್ರೆಯ ತೂಕದ ಯಂತ್ರದಲ್ಲಿ ತಡವಾಗಿ ಗೊತ್ತಾಗುತ್ತದೆ. ಮನೆಯಲ್ಲೊಂದು ತೂಕದ ಯಂತ್ರ ಇಟ್ಟು, ಬೆಳಗ್ಗೆ ಎದ್ದ ಕೂಡಲೇ ಅವರೇ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಲಿ.

ಈಗ ನಮ್ಮ ಬಳಗದ ಕೆಲಸ. ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ವ್ಯವಸ್ಥೆ ಇದೆ, ಆದರೆ ಬಸ್ ತಪ್ಪಿತು, ಜೊತೆಗೆ ಬರುವವರಿಲ್ಲ, ಕೂಲಿ ಹೋಗುತ್ತದೆ ಎಂದು ಒಂದು ದಿನ ಬಿಟ್ಟರೆ ನೀರು ಕಟ್ಟಿಕೊಳ್ಳುತ್ತದೆ. ವಾರದಲ್ಲಿ ಯಾವ ಎರಡು ಡಯಾಲಿಸಿಸ್‌ಗಳ ನಡುವೆ ಅಂತರ ದೊಡ್ಡದೋ ಆ ದಿನಗಳಲ್ಲೇ ಅಪಾಯ ಹೆಚ್ಚು. ಆದ್ದರಿಂದ ಪ್ರತಿ ಊರಿನಲ್ಲಿ ಯಾರು ಯಾವ ವಾರ ಹೋಗುತ್ತಾರೆ ಎಂಬುದನ್ನು ಆಯಾ ಊರಿನ ಬಂಧುಗಳು ಅವರ ಒಪ್ಪಿಗೆ ಪಡೆದು ತಿಳಿದುಕೊಂಡಿರಲಿ, ಬೈಕ್ ಇರುವ ಯುವಕರು ಸರದಿ ಹಾಕಿಕೊಳ್ಳಲಿ. ಗ್ರೂಪಿನಲ್ಲಿ ಹೆಸರು ಹಾಕುವುದು ಬೇಡ. ಭಾನುವಾರದ ಅಧ್ಯಯನದಲ್ಲಿ ಕೊಡುವ ಮಜ್ಜಿಗೆಗೆ ಮೊದಲೇ ಉಪ್ಪು ಬೆರೆಸದೆ ಪಕ್ಕದಲ್ಲಿ ಇಡೋಣ, ಬೇಕಾದವರು ಹಾಕಿಕೊಳ್ಳಲಿ. ಟೀ ಲೋಟಗಳ ಜೊತೆ 50 ಮಿಲಿಯ ಪುಟ್ಟ ಲೋಟಗಳೂ ಇರಲಿ, ಯಾರಿಗೆ ಯಾವುದು ಬೇಕೋ ತೆಗೆದುಕೊಳ್ಳಲಿ.

ಜೈಭೀಮ್.